ಮೂರು ಡ್ರೈವ್, ಮೂರು ಲೆಕ್ಕ: ಯಾವುದನ್ನು ನಂಬಲಿ?

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಕೂಡಿಸಿದ ಸಂಗೀತ ಸಂಗ್ರಹ ನನ್ನದು. ಹೆಚ್ಚಿನವು ನನ್ನದೇ ಸಿಡಿಗಳಿಂದ ನಾನೇ ಕೂತು ರಿಪ್ ಮಾಡಿಕೊಂಡ ಫ್ಲ್ಯಾಕ್ (ಸಿಡಿಯ ಧ್ವನಿಯನ್ನು ಒಂದಿಷ್ಟೂ ಕಳೆಯದ) ಫೈಲುಗಳು, ಉಳಿದವು ಎಂಪಿ3. ಒಟ್ಟು ಸುಮಾರು 900 ಜಿಬಿ. ಒಂದು ಡ್ರೈವ್ ಕೆಟ್ಟರೆ ಗತಿಯೇನು ಎಂದು ಮೂರು ಡ್ರೈವ್‌ಗಳಲ್ಲಿ ಇಟ್ಟಿದ್ದೇನೆ. ಒಂದು ಮೇಜಿನ ಮೇಲೆ, ಇನ್ನೊಂದು ಕಪಾಟಿನಲ್ಲಿ, ಮೂರನೆಯದು ಅಕ್ಕನ ಮನೆಯಲ್ಲಿ. ತಪ್ಪು ಮಾಡಿದ್ದೆಂದರೆ, ಯಾವಾಗ ಯಾವುದು ಕೈಗೆ ಸಿಕ್ಕಿತೋ ಅದಕ್ಕೆ ಹೊಸ ಆಲ್ಬಮ್ ಹಾಕುತ್ತ ಬಂದೆ. ಟ್ಯಾಗ್ (ಫೈಲಿನೊಳಗೆ ಬರೆದ ಹಾಡಿನ, ಕಲಾವಿದರ ಹೆಸರು) ತಿದ್ದಿದ್ದು ಒಂದರಲ್ಲಿ, ಫೋಲ್ಡರ್ ಹೆಸರು ಬದಲಿಸಿದ್ದು ಇನ್ನೊಂದರಲ್ಲಿ. ನಡುವೆ ಎರಡು ವರ್ಷ ಮ್ಯಾಕ್ ಬಳಸಿದೆ, ಈಗ ಮತ್ತೆ ವಿಂಡೋಸ್. ಕಳೆದ ವಾರ ಎಣಿಸಿದರೆ ಮೇಜಿನ ಡ್ರೈವ್‌ನಲ್ಲಿ 31,406 ಫೈಲು, ಕಪಾಟಿನದರಲ್ಲಿ 33,120. ಸಿಂಕ್ ತಂತ್ರಾಂಶದಲ್ಲಿ ಹೋಲಿಸಿದರೆ 9 ಸಾವಿರಕ್ಕೂ ಹೆಚ್ಚು ಫೈಲುಗಳು ಬೇರೆ ಬೇರೆ ಎನ್ನುತ್ತದೆ. ‘ಗೀತೆಗಳು’ ಎಂಬ ಫೋಲ್ಡರ್ ಎರಡೆರಡು ಕಾಣುತ್ತದೆ, ಹೆಸರಿನಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ. ಬಟನ್ ಒತ್ತಲು ಧೈರ್ಯ ಬರುತ್ತಿಲ್ಲ. ಯಾವ ಡ್ರೈವ್ ಸರಿ ಎಂದು ನಂಬಲಿ? ಎಲ್ಲವನ್ನೂ ಒಂದೇ ತೆರನಾಗಿ ಮಾಡಿ, ಮುಂದೆಯೂ ಹಾಗೇ ಇಡುವುದು ಹೇಗೆ? ಪದೇ ಪದೇ ಕಾಪಿ ಮಾಡಿದರೆ ಧ್ವನಿಯ ಗುಣಮಟ್ಟ ಇಳಿಯುತ್ತದೆ ಎಂದು ಗೆಳೆಯರೊಬ್ಬರು ಹೆದರಿಸಿದ್ದಾರೆ. ಅದೂ ನಿಜವೇ?

ಉತ್ತರ:

ಬಟನ್ ಒತ್ತದೆ ಮೊದಲು ಕೇಳಿದಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ಕಳೆದುಹೋದ ಫೈಲುಗಳನ್ನು ಹುಡುಕಿ ತೆಗೆದುಕೊಡುವುದು ನನ್ನ ಕಸುಬು. ನನ್ನ ಮೇಜಿಗೆ ಬರುವ ಸಂಗೀತ ಸಂಗ್ರಹಗಳಲ್ಲಿ ಡ್ರೈವ್ ಕೆಟ್ಟು ಬಂದವು ಎಷ್ಟಿವೆಯೋ, ಸಿಂಕ್ ಮಾಡುವಾಗ ದಿಕ್ಕು ತಪ್ಪಿ ಬಂದವೂ ಹೆಚ್ಚುಕಡಿಮೆ ಅಷ್ಟೇ ಇವೆ. ಕೆಟ್ಟ ಡ್ರೈವಿನಿಂದ ಒಂದಿಷ್ಟನ್ನಾದರೂ ಎತ್ತಬಹುದು. ಆದರೆ ಫೈಲು ಅಳಿಸಿ, ಅದೇ ಜಾಗದ ಮೇಲೆ ಬೇರೊಂದು ಫೈಲು ಬರೆದಾದ ಮೇಲೆ ಅದನ್ನು ತೆಗೆಯುವುದು ಯಾರಿಂದಲೂ ಆಗದು.

ನಿಮಗೆ ಕಾಡುತ್ತಿರುವುದು ಇಷ್ಟು: ಮೂರು ಡ್ರೈವ್‌ಗಳಲ್ಲೂ ಬೇರೆ ಬೇರೆ ಕಾಲದ ನಿಮ್ಮ ಶ್ರಮ ಹಂಚಿಹೋಗಿದೆ. ಒಂದನ್ನು ನಂಬಿದರೆ ಇನ್ನೊಂದರಲ್ಲಿದ್ದದ್ದು ಹೋಗುತ್ತದೆ. ಈ ಭಯ ಸರಿಯಾದದ್ದೇ. ನಿಮ್ಮ ಮೂರು ಡ್ರೈವ್‌ಗಳಲ್ಲಿ ಯಾವುದೂ ಪೂರ್ತಿ ಸರಿಯಿಲ್ಲ. ಒಂದನ್ನು ಆರಿಸಿ ಉಳಿದೆರಡನ್ನು ಅದರಂತೆ ಮಾಡಿಬಿಡುವ ದಾರಿ ಈ ಹೊತ್ತಿಗೆ ಮುಚ್ಚಿದೆ. ಮೊದಲು ಒಟ್ಟುಗೂಡಿಸಬೇಕು, ಆಮೇಲೆ ಸಮ ಮಾಡಬೇಕು. ಇವೆರಡು ಬೇರೆ ಬೇರೆ ಕೆಲಸ, ಎರಡನ್ನೂ ಒಂದೇ ಬಟನ್‌ಗೆ ಒಪ್ಪಿಸಿದಾಗಲೇ ಅನಾಹುತ ಆಗುವುದು.

ಗೆಳೆಯರ ಮಾತನ್ನು ಮೊದಲು ಮುಗಿಸಿಬಿಡೋಣ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸುತ್ತಿದ್ದ ಕಾಲದಲ್ಲಿ ಆ ಮಾತು ನಿಜವಾಗಿತ್ತು. ಪ್ರತಿ ಸಲವೂ ಒಂದಿಷ್ಟು ಹಿಸ್ ಸೇರುತ್ತಿತ್ತು, ಮೇಲಿನ ಸ್ವರಗಳು ಮಂಕಾಗುತ್ತಿದ್ದವು. ಫೈಲು ಕಾಪಿ ಮಾಡುವಾಗ ನಡೆಯುವುದು ಅಂಕಿಗಳನ್ನು ಹಾಗೆಹಾಗೇ ಬರೆದುಕೊಳ್ಳುವ ಕೆಲಸ. ಸಾವಿರನೆಯ ಕಾಪಿಯೂ ಮೊದಲನೆಯದರ ತದ್ರೂಪವೇ. ಗುಣಮಟ್ಟ ಇಳಿಯುವುದು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ: ಫ್ಲ್ಯಾಕ್‌ನಿಂದ ಎಂಪಿ3 ಮಾಡಿದರೆ, ಆ ಎಂಪಿ3ಯನ್ನು ಮತ್ತೊಮ್ಮೆ ಎಂಪಿ3 ಮಾಡಿದರೆ. ಕಾಪಿ ಮಾಡುವಾಗ ಏನಾದರೂ ಎಡವಟ್ಟಾದರೂ ಅದು ಮಂಕಾಗಿ ಕೇಳಿಸುವುದಿಲ್ಲ. ಹಾಡಿನ ನಡುವೆ ಟಿಕ್ ಎನ್ನುತ್ತದೆ, ಒಂದು ಕ್ಷಣ ಹಾರುತ್ತದೆ, ಇಲ್ಲವೇ ಫೈಲು ತೆರೆಯುವುದೇ ಇಲ್ಲ.

ಆ 9 ಸಾವಿರದ ಒಳಗೆ ಏನಿದೆ?

ಈ ಸಂಖ್ಯೆ ನೋಡಿ ಎದೆ ಝಲ್ಲೆಂದಿರಬೇಕು. ನನ್ನ ಅನುಭವದಲ್ಲಿ ಇಂಥ ಪಟ್ಟಿಯ ಬಹುಪಾಲು ನಿಜವಾದ ವ್ಯತ್ಯಾಸವೇ ಆಗಿರುವುದಿಲ್ಲ. ಸಿಂಕ್ ತಂತ್ರಾಂಶಗಳು ಸಾಮಾನ್ಯವಾಗಿ ಫೈಲನ್ನು ಓದಿ ಹೋಲಿಸುವುದಿಲ್ಲ. ಹೆಸರು, ಗಾತ್ರ, ಕೊನೆಯ ಬಾರಿ ಬದಲಾದ ಸಮಯ, ಇಷ್ಟನ್ನೇ ನೋಡುತ್ತವೆ. 900 ಜಿಬಿಯನ್ನು ಪೂರ್ತಿ ಓದುವುದಾದರೆ ಸೆಕೆಂಡಿಗೆ 100 ಎಂಬಿ ವೇಗದ ಹಾರ್ಡ್ ಡಿಸ್ಕ್‌ಗೆ ಎರಡೂವರೆ ಗಂಟೆ ಬೇಕು. ಹಾಗಾಗಿ ಈ ಅಡ್ಡದಾರಿ. ಅದು ತಪ್ಪೂ ಅಲ್ಲ, ಆದರೆ ಎರಡು ಕಡೆಯಿಂದಲೂ ಮೋಸಹೋಗುತ್ತದೆ.

ಸಮಯದ ವಿಷಯ ನೋಡಿ. ವಿಂಡೋಸ್ ಡ್ರೈವ್‌ಗಳ ಸಾಮಾನ್ಯ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಫೈಲಿನ ಸಮಯ ಸೆಕೆಂಡಿನ ಅತಿ ಸಣ್ಣ ಭಾಗದವರೆಗೂ ದಾಖಲಾಗುತ್ತದೆ, ಅದೂ ವಿಶ್ವ ಸಮಯದಲ್ಲಿ. ಹಳೆಯ ಫ್ಯಾಟ್32ನಲ್ಲಿ ಎರಡೆರಡು ಸೆಕೆಂಡಿನ ಲೆಕ್ಕ, ಅದೂ ಆ ಕಂಪ್ಯೂಟರಿನ ಸ್ಥಳೀಯ ಸಮಯದಲ್ಲಿ. ನಿಮ್ಮ ಯಾವುದಾದರೂ ಡ್ರೈವ್ ಟಿವಿಗೋ ಪ್ಲೇಯರಿಗೋ ಹೊಂದಲಿ ಎಂದು ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿದ್ದರೆ, ಒಂದು ಬಿಟ್ಟೂ ಆಚೀಚೆ ಆಗದ ಫೈಲುಗಳು ಸಾವಿರಗಟ್ಟಲೆ ‘ಬೇರೆ’ ಎಂದು ಕಾಣಿಸಿಕೊಳ್ಳುತ್ತವೆ. ಪಟ್ಟಿಯಲ್ಲಿ ನಾಲ್ಕಾರು ಫೈಲುಗಳ ಸಮಯವನ್ನು ಎರಡೂ ಕಡೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಎಲ್ಲದರಲ್ಲೂ ಒಂದೆರಡು ಸೆಕೆಂಡೇ ಇದ್ದರೆ, ಅಥವಾ ಎಲ್ಲದರಲ್ಲೂ ಸರಿಯಾಗಿ ಒಂದೇ ಅಂತರವಿದ್ದರೆ, ಅದು ಗಡಿಯಾರದ ಗಲಾಟೆ. ಫ್ರೀಫೈಲ್‌ಸಿಂಕ್ ಎಂಬ ಸಿಂಕ್ ತಂತ್ರಾಂಶದಲ್ಲಿ ಇಂಥ ಸಮಯದ ಅಂತರವನ್ನು ಕಡೆಗಣಿಸು ಎಂದು ಹೇಳುವ ಸೆಟ್ಟಿಂಗ್ ಇದೆ. ವಿಂಡೋಸ್ ಜತೆಗೇ ಬರುವ ರೋಬೋಕಾಪಿಯಲ್ಲೂ, ಲಿನಕ್ಸ್ ಮತ್ತು ಮ್ಯಾಕ್‌ನವರು ಬಳಸುವ ಆರ್‌ಸಿಂಕ್‌ನಲ್ಲೂ ಎರಡು ಸೆಕೆಂಡಿನ ವಿನಾಯಿತಿ ಕೊಡಬಹುದು.

ಇನ್ನು ಫೋಲ್ಡರ್ ಹೆಸರು ಬದಲಿಸಿದ್ದು. ನಿಮಗೆ ಅದು ಒಂದು ಹೆಸರು ತಿದ್ದಿದ ಕೆಲಸ. ತಂತ್ರಾಂಶದ ಕಣ್ಣಿಗೆ ಮಾತ್ರ ಇಲ್ಲಿದ್ದ ಹದಿನಾಲ್ಕು ಫೈಲು ಮಾಯವಾಗಿ, ಅಲ್ಲಿ ಹದಿನಾಲ್ಕು ಹೊಸ ಫೈಲು ಹುಟ್ಟಿವೆ. ಒಂದು ಕಲಾವಿದರ ಹೆಸರಿನ ಕಾಗುಣಿತ ತಿದ್ದಿದರೆ ಅವರ ಇಪ್ಪತ್ತು ಆಲ್ಬಮ್‌ಗಳೂ ಪಟ್ಟಿಯಲ್ಲಿ ಎರಡೆರಡು ಸಲ ಬರುತ್ತವೆ. ನಿಮ್ಮ ಕಪಾಟಿನ ಡ್ರೈವ್‌ನಲ್ಲಿ 1,714 ಫೈಲು ಹೆಚ್ಚಿರುವುದಕ್ಕೆ ಇದೇ ಮುಖ್ಯ ಕಾರಣವಿರಬಹುದು: ಎಂದೋ ಒಮ್ಮೆ ಮರುಹೆಸರಿಟ್ಟ ಫೋಲ್ಡರುಗಳು ಹೊಸದಾಗಿ ಬಂದು ಕೂತಿವೆ, ಹಳೆಯ ಹೆಸರಿನವು ಎದ್ದು ಹೋಗಿಲ್ಲ. ಹೆಚ್ಚು ಫೈಲಿರುವ ಡ್ರೈವೇ ಪೂರ್ಣ ಎಂದು ನಂಬುವವರು ಎಡವುವುದು ಇಲ್ಲಿಯೇ. ಮ್ಯಾಕ್ ತಾನಾಗಿಯೇ ಬರೆದಿಡುವ ಡಿಎಸ್-ಸ್ಟೋರ್ ಫೈಲುಗಳು, ವಿಂಡೋಸ್, ಮ್ಯಾಕ್ ಎರಡಕ್ಕೂ ಹೊಂದುವ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಡ್ರೈವ್‌ಗಳಲ್ಲಿ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಜೋಡಿ ಫೈಲುಗಳು ಕೂಡ ಈ ಎಣಿಕೆಯಲ್ಲಿ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಸಂಗೀತವೇನೂ ಇಲ್ಲ. ಹೋಲಿಸುವಾಗ ಅವನ್ನು ಹೊರಗಿಡಲು ತಂತ್ರಾಂಶಕ್ಕೆ ಹೇಳಿಬಿಡಿ.

ಗಾತ್ರದ ಅಂಕಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ಮ್ಯಾಕ್ 900 ಜಿಬಿ ಎಂದು ತೋರಿಸಿದ ಫೋಲ್ಡರನ್ನೇ ವಿಂಡೋಸ್ 838 ಜಿಬಿ ಎನ್ನುತ್ತದೆ. ಒಬ್ಬರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಇನ್ನೊಬ್ಬರು 1,024ರ ಲೆಕ್ಕದಲ್ಲಿ. 62 ಜಿಬಿ ಎಲ್ಲೂ ಹೋಗಿಲ್ಲ.

ಒಂದೇ ಹೆಸರಿನ ಎರಡು ಫೋಲ್ಡರ್

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಫೈಲಿನ ಹೆಸರು ಇಡುವವರನ್ನು ಇದು ವಿಶೇಷವಾಗಿ ಕಾಡುತ್ತದೆ. ನಿಮ್ಮ ಡ್ರೈವ್‌ನಲ್ಲಿ ‘ಹಾಡುಗಳು’ ಎಂಬ ಫೋಲ್ಡರ್ ಇದ್ದಿದ್ದರೆ ಅದು ಹೀಗೆ ಎರಡಾಗುತ್ತಿರಲಿಲ್ಲ. ‘ಗೀತೆಗಳು’ ಎರಡಾಯಿತು. ಕಾರಣ ಆ ‘ಗೀ’ ಅಕ್ಷರದಲ್ಲಿದೆ.

ಅಕ್ಷರಗಳಿಗೆ ಅಂಕಿ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ‘ಗೀ’ಯನ್ನು ಎರಡು ರೀತಿ ಬರೆಯಬಹುದು. ಗ ಮತ್ತು ದೀರ್ಘ ಈಕಾರದ ಒಂದೇ ಚಿಹ್ನೆ, ಇದು ಕೂಡಿಸಿದ ರೂಪ. ಗ, ಹ್ರಸ್ವ ಇಕಾರ, ಅದರ ಪಕ್ಕ ಪ್ರತ್ಯೇಕವಾಗಿ ದೀರ್ಘದ ಗುರುತು, ಇದು ಬಿಡಿಸಿದ ರೂಪ. ತೆರೆಯ ಮೇಲೆ ಎರಡೂ ಒಂದೇ. ಒಳಗಿನ ಅಂಕಿಗಳು ಮಾತ್ರ ಬೇರೆ. ಕೀ, ಕೇ, ಕೈ, ಕೊ, ಕೋ, ಈ ಐದೂ ಸ್ವರಚಿಹ್ನೆಗಳಿಗೆ ಇಂಥ ಎರಡು ರೂಪಗಳಿವೆ. ಕಾ, ಕಿ, ಕು, ಕೂ, ಕೆ, ಕೌ ಇವಕ್ಕೆ ಒಂದೇ ರೂಪ. ನಾವು ಕೀಲಿಮಣೆಯಲ್ಲಿ ಒತ್ತಿದಾಗ ಸಾಮಾನ್ಯವಾಗಿ ಬರುವುದು ಕೂಡಿಸಿದ ರೂಪ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿದ ರೂಪದಲ್ಲಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಜಿಪ್ ಆಗಿಯೋ ನೆಟ್‌ವರ್ಕ್ ಮೂಲಕವೋ ಹೊರಬಂದ ಫೋಲ್ಡರ್ ಅದೇ ರೂಪವನ್ನು ಹೊತ್ತು ತರಬಹುದು. ವಿಂಡೋಸ್‌ಗೆ ಇವು ಎರಡು ಬೇರೆ ಹೆಸರುಗಳು, ಅದು ಎರಡನ್ನೂ ಪಕ್ಕಪಕ್ಕದಲ್ಲಿ ಇರಗೊಡುತ್ತದೆ.

ಇದನ್ನು ಸರಿಪಡಿಸುವಾಗ ಒಂದನ್ನು ಡಿಲೀಟ್ ಮಾಡಲು ಹೋಗಬೇಡಿ. ಎರಡರೊಳಗೂ ಇರುವುದು ಒಂದೇ ಆಗಿರಬೇಕೆಂದೇನಿಲ್ಲ. ಒಂದಕ್ಕೆ ‘ಗೀತೆಗಳು ಎರಡು’ ಎಂದು ತಾತ್ಕಾಲಿಕ ಹೆಸರು ಕೊಡಿ, ಇನ್ನೊಂದರ ಹೆಸರನ್ನು ಪೂರ್ತಿ ಅಳಿಸಿ ಕೀಲಿಮಣೆಯಲ್ಲಿ ಹೊಸದಾಗಿ ಟೈಪ್ ಮಾಡಿ. ಆಮೇಲೆ ಎರಡನ್ನೂ ಹೋಲಿಸಿ ಸೇರಿಸಿ. ಒಳಗಿನ ಫೈಲುಗಳ ಹೆಸರುಗಳಲ್ಲೂ ಇದೇ ತೊಡಕು ಇರುವುದು ಸಾಧ್ಯ.

ಮ್ಯಾಕ್‌ನಿಂದ ಬಂದದ್ದರಲ್ಲಿ ಇನ್ನೊಂದು ಸಣ್ಣ ವಿಷಯ: ಪ್ರಶ್ನಾರ್ಥಕ ಚಿಹ್ನೆ, ಅಪೂರ್ಣವಿರಾಮ, ಜೋಡಿ ಉದ್ಧರಣ ಚಿಹ್ನೆಗಳನ್ನು ವಿಂಡೋಸ್ ಫೈಲಿನ ಹೆಸರಲ್ಲಿ ಒಪ್ಪುವುದಿಲ್ಲ. ಆಲ್ಬಮ್‌ನ ಹೆಸರಿನ ಕೊನೆಯಲ್ಲಿ ಪ್ರಶ್ನಾರ್ಥಕವಿದ್ದರೆ ಆ ಆಲ್ಬಮ್ ಕಾಪಿಯೇ ಆಗದೆ ಉಳಿದಿರಬಹುದು. ಕಾಪಿ ಮುಗಿದ ಮೇಲೆ ತಂತ್ರಾಂಶ ಕೊಡುವ ದೋಷಗಳ ಪಟ್ಟಿಯನ್ನು ಓದದೆ ಮುಚ್ಚಬೇಡಿ.

ನಿಜವಾದ ಅಪಾಯ ಪಟ್ಟಿಯಲ್ಲಿ ಕಾಣುವುದಿಲ್ಲ

ಮೇಲೆ ಹೇಳಿದ್ದೆಲ್ಲ ಒಂದೇ ಆಗಿದ್ದರೂ ಬೇರೆ ಎಂದು ಕಾಣುವಂಥವು. ಬೇರೆಯಾಗಿದ್ದೂ ಒಂದೇ ಎಂದು ಕಾಣುವಂಥವೂ ಇವೆ. ನನ್ನ ನಿದ್ದೆ ಕೆಡಿಸುವುದು ಇವೇ.

ಕೆಲವು ವರ್ಷಗಳ ಹಿಂದೆ ಒಬ್ಬರು ಎರಡು ಡ್ರೈವ್ ಹಿಡಿದು ಬಂದರು. ಪ್ರತಿ ವಾರ ತಪ್ಪದೆ ಮಿರರ್ ಮಾಡುತ್ತಿದ್ದವರು, ಅಂದರೆ ಎರಡನೆಯದನ್ನು ಮೊದಲನೆಯದರ ತದ್ರೂಪ ಮಾಡುತ್ತಿದ್ದವರು. ತಂದೆಯವರ ಹಾಡುಗಾರಿಕೆಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ್ದ ಒಂದು ಫ್ಲ್ಯಾಕ್ ಫೈಲು, 31 ಎಂಬಿ. ಎರಡು ನಿಮಿಷ ಹದಿನಾಲ್ಕನೆಯ ಸೆಕೆಂಡಿನಲ್ಲಿ ದನಿ ಕಡಿದು ಮುಂದಕ್ಕೆ ಹಾರುತ್ತಿತ್ತು. ಎರಡೂ ಡ್ರೈವ್‌ಗಳಲ್ಲಿ ಅದೇ ಜಾಗದಲ್ಲಿ. ಫೈಲನ್ನು ಬಿಚ್ಚಿ ನೋಡಿದರೆ ನಡುವೆ 64 ಕೆಬಿಯಷ್ಟು ಉದ್ದಕ್ಕೂ ಬರೀ ಸೊನ್ನೆಗಳು. ಅಷ್ಟು ಜಾಗದಲ್ಲಿ ಸುಮಾರು ಅರ್ಧ ಸೆಕೆಂಡಿನ ಸಂಗೀತ ಕೂತಿರುತ್ತದೆ. ಎಂದೋ ಬರೆಯುತ್ತಿರುವಾಗಲೇ ಕೇಬಲ್ ಕಿತ್ತಿರಬೇಕು. ಫೈಲಿನ ಗಾತ್ರ ಸರಿಯಾಗಿತ್ತು, ದಿನಾಂಕವೂ ಸರಿಯಾಗಿತ್ತು. ಆಮೇಲೊಂದು ದಿನ ಎರಡನೆಯ ಡ್ರೈವ್ ಬದಲಿಸಿದಾಗ ಹೊಸದಕ್ಕೆ ಎಲ್ಲವನ್ನೂ ಮೊದಲಿನಿಂದ ಕಾಪಿ ಮಾಡಿದ್ದರು, ಸೊನ್ನೆಗಳ ಸಮೇತ. ಕೊನೆಗೆ ಆ ಹಾಡು ಸಿಕ್ಕಿದ್ದು ಬದಲಿಸಿ ಮೂಲೆಗೆ ಹಾಕಿದ್ದ ಹಳೆಯ ಡ್ರೈವ್‌ನಲ್ಲಿ. ಎರಡು ವರ್ಷದಿಂದ ಯಾರೂ ಸಿಂಕ್ ಮಾಡದೆ ಬಿಟ್ಟಿದ್ದರಿಂದಲೇ ಅದರಲ್ಲಿ ಉಳಿದಿತ್ತು. ಅವರು ಅದನ್ನು ಕೇಳಿಸಿಕೊಂಡು ಕೂತಿದ್ದು ನನಗೆ ಇನ್ನೂ ನೆನಪಿದೆ.

ಆವತ್ತಿನಿಂದ ನಾನು ಎಲ್ಲರಿಗೂ ಹೇಳುವ ಮಾತು: ಮೂರೂ ಡ್ರೈವ್‌ಗಳು ಯಾವಾಗಲೂ ಒಂದೇ ತೆರನಾಗಿರಬೇಕು ಎಂದು ಆಸೆಪಡಬೇಡಿ. ಸಿಂಕ್ ಎಂದರೆ ಇಂದಿನ ಸ್ಥಿತಿಗೆ ಎಲ್ಲವನ್ನೂ ತರುವುದು. ಬ್ಯಾಕಪ್ ಎಂದರೆ ನಿನ್ನೆಯ ಸ್ಥಿತಿಯನ್ನು ಉಳಿಸಿಕೊಳ್ಳುವುದು. ಮೂರನ್ನೂ ಒಟ್ಟಿಗೆ ಜೋಡಿಸಿ ಒಂದೇ ಏಟಿಗೆ ಸಮ ಮಾಡಿದರೆ ನಿಮ್ಮ ಕೈತಪ್ಪೂ ಮೂರು ಕಡೆಗೂ ಒಂದೇ ಏಟಿಗೆ ಹೋಗುತ್ತದೆ.

ಟ್ಯಾಗ್ ತಿದ್ದುವವರಿಗೆ ಇಲ್ಲಿ ಇನ್ನೊಂದು ಬಲೆ. ಫ್ಲ್ಯಾಕ್ ಮತ್ತು ಎಂಪಿ3 ಫೈಲುಗಳ ಟ್ಯಾಗ್ ಭಾಗದಲ್ಲಿ ಸಾಮಾನ್ಯವಾಗಿ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಹಾಡಿನ ಹೆಸರು ತಿದ್ದಿದರೆ ಆ ಜಾಗದೊಳಗೇ ಹಿಡಿಸುತ್ತದೆ, ಫೈಲಿನ ಗಾತ್ರ ಒಂದು ಬೈಟೂ ಬದಲಾಗುವುದಿಲ್ಲ. ಅದರ ಮೇಲೆ ಎಂಪಿ3ಟ್ಯಾಗ್‌ನಂಥ ತಂತ್ರಾಂಶಗಳಲ್ಲಿ ಫೈಲಿನ ಹಳೆಯ ಸಮಯವನ್ನೇ ಉಳಿಸು ಎಂಬ ಆಯ್ಕೆಯೂ ಇರುತ್ತದೆ. ಅದು ಚಾಲೂ ಇದ್ದರೆ ಸಮಯವೂ ಬದಲಾಗದು. ಗಾತ್ರ ಅದೇ, ಸಮಯ ಅದೇ. ನೀವು ತಿಂಗಳುಗಟ್ಟಲೆ ಕೂತು ತಿದ್ದಿದ ಟ್ಯಾಗ್‌ಗಳು ಎರಡನೆಯ ಡ್ರೈವ್‌ಗೆ ಹೋಗುವುದೇ ಇಲ್ಲ, ತಂತ್ರಾಂಶ ‘ಎಲ್ಲ ಸಮವಾಗಿದೆ’ ಎನ್ನುತ್ತಿರುತ್ತದೆ. ಆ ಆಯ್ಕೆ ಇದ್ದರೆ ಇವತ್ತೇ ತೆಗೆಯಿರಿ.

ಮೂರು ಬಗೆಯ ಸಿಂಕ್, ಮೂರು ಬಗೆಯ ಪೆಟ್ಟು

ತಂತ್ರಾಂಶದ ಹೆಸರು ಯಾವುದೇ ಇರಲಿ, ಒಳಗಿರುವುದು ಇವು. ಮಿರರ್ ಎಂದರೆ ಬಲಗಡೆಯದನ್ನು ಎಡಗಡೆಯದರ ತದ್ರೂಪ ಮಾಡುವುದು. ಎಡಗಡೆ ಇಲ್ಲದ್ದು ಬಲಗಡೆ ಅಳಿಯುತ್ತದೆ. ಅಪ್‌ಡೇಟ್ ಎಂದರೆ ಹೊಸದನ್ನೂ ಬದಲಾದದ್ದನ್ನೂ ಎಡದಿಂದ ಬಲಕ್ಕೆ ಸೇರಿಸುವುದು, ಏನನ್ನೂ ಅಳಿಸುವುದಿಲ್ಲ. ಟು-ವೇ ಎಂದರೆ ಎರಡೂ ಕಡೆಯ ಬದಲಾವಣೆ ಎರಡೂ ಕಡೆಗೆ ಹರಿಯುವುದು.

ನಿಮಗೆ ಟು-ವೇ ಆಕರ್ಷಕವಾಗಿ ಕಾಣುತ್ತಿರಬೇಕು, ಎಲ್ಲದರಲ್ಲೂ ಒಂದಿಷ್ಟು ಹೊಸದಿದೆಯಲ್ಲ ಎಂದು. ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಫೈಲು, ಇಲ್ಲಿ ಹೊಸದಾಗಿ ಬಂತೋ ಅಲ್ಲಿ ಬೇಕೆಂದೇ ಅಳಿಸಿದ್ದೋ? ಹಿಂದಿನ ಸಿಂಕ್‌ನ ದಾಖಲೆ ಇಲ್ಲದೆ ಯಾವ ತಂತ್ರಾಂಶಕ್ಕೂ ಗೊತ್ತಾಗದು. ನೀವು ಕಷ್ಟಪಟ್ಟು ತೆಗೆದುಹಾಕಿದ ನಕಲಿ ಫೈಲುಗಳೆಲ್ಲ ಮತ್ತೆ ಎದ್ದು ಬರುತ್ತವೆ. ಮೂರು ಡ್ರೈವ್‌ಗಳ ನಡುವೆ ಜೋಡಿ ಜೋಡಿಯಾಗಿ ಮಾಡಿದರೆ ಮೊದಲ ಜೋಡಿಯಲ್ಲಿ ಅಳಿಸಿದ್ದನ್ನು ಮೂರನೆಯದು ತಂದು ಕೊಡುತ್ತದೆ.

ಅಪ್‌ಡೇಟ್ ಸುರಕ್ಷಿತ, ಆದರೆ ಕಸ ಬೆಳೆಯುತ್ತದೆ. ನಿಮ್ಮ ಕಪಾಟಿನ ಡ್ರೈವ್ ಅದಕ್ಕೇ ಸಾಕ್ಷಿಯಿರಬಹುದು. ಮಿರರ್ ಅಚ್ಚುಕಟ್ಟು, ಆದರೆ ನಿರ್ದಯಿ. ಎಡಗಡೆಯ ಡ್ರೈವ್ ಸರಿಯಾಗಿ ಜೋಡಣೆಯಾಗದೆ ಖಾಲಿ ಕಂಡ ಒಂದು ಗಳಿಗೆ ಸಾಕು. ಒಳ್ಳೆಯ ತಂತ್ರಾಂಶಗಳು ಎಚ್ಚರಿಸುತ್ತವೆ, ನಾವೇ ಬರೆದುಕೊಂಡ ಸ್ಕ್ರಿಪ್ಟ್ ಎಚ್ಚರಿಸುವುದಿಲ್ಲ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೈಡ್ ಪೆಟ್ಟಿಗೆ ತಂದರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ರೈಡ್ ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ತಪ್ಪಿ ಅಳಿಸಿದರೆ ಎಲ್ಲ ಡಿಸ್ಕ್‌ಗಳಲ್ಲೂ ಅದೇ ಕ್ಷಣ ಅಳಿಯುತ್ತದೆ.

ಈಗ ನೀವು ಮಾಡಬೇಕಾದದ್ದು

ಮೊದಲಿಗೆ ಎಲ್ಲ ಡ್ರೈವ್‌ಗಳಿಗೂ ಹೊಸದನ್ನು ಹಾಕುವುದು, ಟ್ಯಾಗ್ ತಿದ್ದುವುದು ನಿಲ್ಲಿಸಿ. ಮೇಜಿನ ಮತ್ತು ಕಪಾಟಿನ ಡ್ರೈವ್‌ಗಳ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಡ್ರೈವ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ಸ್ಮಾರ್ಟ್ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕ್‌ನ ಪುಟ್ಟ ಭಾಗಗಳ) ಸಂಖ್ಯೆ, ಬದಲಿಸಿದ ಸೆಕ್ಟರ್‌ಗಳ ಸಂಖ್ಯೆ, ಇವೆರಡನ್ನು ನೋಡಿ. ಸೊನ್ನೆಯಿದ್ದರೆ ಸಮಾಧಾನ. ಬಾಕಿ ಸೆಕ್ಟರ್‌ಗಳಿದ್ದರೆ ಆ ಡ್ರೈವ್ ಮೇಲೆ ಬೇರೆ ಯಾವ ಪ್ರಯೋಗವನ್ನೂ ಮಾಡದೆ ಮೊದಲು ಅದರಲ್ಲಿರುವುದನ್ನೆಲ್ಲ ಬೇರೆಡೆಗೆ ಕಾಪಿ ಮಾಡಿಕೊಳ್ಳಿ.

ಆಮೇಲೆ ಒಂದು ಹೊಸ ಡ್ರೈವ್ ತನ್ನಿ ಎಂದು ಕೇಳಿಕೊಳ್ಳುತ್ತೇನೆ. ಮೂರಿದ್ದಾಗ ನಾಲ್ಕನೆಯದೇಕೆ ಎನಿಸಬಹುದು. ಒಟ್ಟುಗೂಡಿಸುವ ಕೆಲಸ ಹಳೆಯ ಡ್ರೈವ್‌ಗಳ ಮೇಲೆ ನಡೆಯಬಾರದು, ಅವು ಇದ್ದ ಹಾಗೇ ಇರಬೇಕು. ಎಲ್ಲಿ ಎಡವಿದರೂ ಶುರುವಿನಿಂದ ಮತ್ತೆ ಮಾಡುವ ಅವಕಾಶ ಅದರಿಂದಲೇ ಉಳಿಯುವುದು.

ಯಾವುದನ್ನು ಆಧಾರವಾಗಿಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ನೀವು ಹೆಚ್ಚು ಟ್ಯಾಗ್ ತಿದ್ದಿದ ಡ್ರೈವ್. ಕಾಣೆಯಾದ ಆಲ್ಬಮ್ ಎದ್ದು ಕಾಣುತ್ತದೆ, ಇನ್ನೊಂದರಿಂದ ತಂದು ಹಾಕಬಹುದು. ಸಾವಿರಾರು ಹಾಡುಗಳಿಗೆ ಕೈಯಿಂದ ತಿದ್ದಿದ ಹೆಸರುಗಳು ಹೋದರೆ ಹೋದದ್ದೇ ಗೊತ್ತಾಗುವುದಿಲ್ಲ. ಅದನ್ನು ಪೂರ್ತಿಯಾಗಿ ಹೊಸದಕ್ಕೆ ಕಾಪಿ ಮಾಡಿ. ನಂತರ ಇನ್ನೊಂದನ್ನು ಇದರ ಜತೆ ಹೋಲಿಸಿ, ಆದರೆ ಕಾಪಿ ಮಾಡಬೇಡಿ. ಪಟ್ಟಿಯಲ್ಲಿ ‘ಅಲ್ಲಿ ಮಾತ್ರ ಇರುವುದು’ ಎಂಬ ಭಾಗವನ್ನಷ್ಟೇ ಮೊದಲು ನೋಡಿ. ಫೋಲ್ಡರ್ ಫೋಲ್ಡರಾಗಿ ಇಳಿಯುತ್ತ ಬನ್ನಿ: ಹೊಸ ಆಲ್ಬಮ್ ಆಗಿದ್ದರೆ ತನ್ನಿ, ಹಳೆಯ ಹೆಸರಿನದೇ ಆಗಿದ್ದರೆ ಬಿಡಿ. ಇದಕ್ಕೆ ಅಡ್ಡದಾರಿ ಇಲ್ಲ, ಕೆಲವು ಸಂಜೆಗಳು ಬೇಕು.

ಉಳಿಯುವುದು ಎರಡೂ ಕಡೆ ಇದ್ದು ಬೇರೆಯಾಗಿರುವ ಫೈಲುಗಳು. ಇಲ್ಲಿ ಫ್ಲ್ಯಾಕ್ ನಿಮ್ಮ ಕೈ ಹಿಡಿಯುತ್ತದೆ. ಪ್ರತಿ ಫ್ಲ್ಯಾಕ್ ಫೈಲಿನ ತಲೆಭಾಗದಲ್ಲಿ ಮೂಲ ಧ್ವನಿಯ ಎಂಡಿ5 ಮೊತ್ತವನ್ನು, ಅಂದರೆ ಅದರ ಅಂಕಿಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತನ್ನು, ಬರೆದಿಡುವ ಏರ್ಪಾಡಿದೆ. ಮೊತ್ತ ಧ್ವನಿಯದ್ದು, ಟ್ಯಾಗ್‌ನದ್ದಲ್ಲ. ಫ್ಲ್ಯಾಕ್‌ನ ಪರೀಕ್ಷಾ ಆಜ್ಞೆ ಕೊಟ್ಟರೆ ಅದು ಫೈಲನ್ನು ಪೂರ್ತಿ ಬಿಡಿಸಿ, ಬಂದ ಧ್ವನಿಯನ್ನು ಆ ಮೊತ್ತದೊಡನೆ ತಾಳೆ ನೋಡುತ್ತದೆ. ಫೂಬಾರ್2000 ಎಂಬ ಪ್ಲೇಯರ್‌ನಲ್ಲೂ ಫೈಲುಗಳ ಸಮಗ್ರತೆ ಪರೀಕ್ಷಿಸುವ ಸೌಲಭ್ಯವಿದೆ. ರಾತ್ರಿ ಹಾಕಿ ಮಲಗಿ. ಎರಡು ಪ್ರತಿಗಳ ಧ್ವನಿಯ ಮೊತ್ತ ಒಂದೇ ಆಗಿ ಎರಡೂ ಪರೀಕ್ಷೆಯಲ್ಲಿ ಪಾಸಾದರೆ ವ್ಯತ್ಯಾಸವಿರುವುದು ಟ್ಯಾಗ್‌ನಲ್ಲಿ ಮಾತ್ರ, ತಿದ್ದಿದ್ದನ್ನು ಇಟ್ಟುಕೊಳ್ಳಿ. ಒಂದು ಫೇಲಾದರೆ ಇನ್ನೊಂದು ನಿಮ್ಮದು.

ಎಂಪಿ3ಗೆ ಈ ಅನುಕೂಲವಿಲ್ಲ. ಅಲ್ಲಿ ಮೂರು ಪ್ರತಿಗಳಿರುವುದೇ ಬಲ. ಮೂರರ ಹ್ಯಾಶ್, ಅಂದರೆ ಇಡೀ ಫೈಲಿನ ಇಂಥದೇ ಮೊತ್ತ, ತೆಗೆಯಿರಿ. ಎರಡು ಒಂದೇ ಆಗಿ ಮೂರನೆಯದು ಬೇರೆಯಾದರೆ ಆ ಒಂಟಿ ಪ್ರತಿ ಒಂದೋ ನೀವು ತಿದ್ದಿದ್ದು, ಇಲ್ಲವೇ ಕೆಟ್ಟದ್ದು. ಟ್ಯಾಗ್ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಕೇಳಿ ನೋಡಿ.

ಮುಂದಿನ ದಿನಗಳಿಗೆ

ಹೊಸ ಡ್ರೈವ್ ಇನ್ನು ಮೇಲೆ ‘ಮೂಲ’. ಹೊಸ ಆಲ್ಬಮ್ ಬರುವುದು ಅದಕ್ಕೆ ಮಾತ್ರ, ಟ್ಯಾಗ್ ತಿದ್ದುವುದು ಅದರಲ್ಲಿ ಮಾತ್ರ. ಉಳಿದವುಗಳಿಂದ ಹಾಡು ಕೇಳಲೂ ಬೇಡಿ, ಏಕೆಂದರೆ ಕೆಲವು ಪ್ಲೇಯರ್‌ಗಳು ರೇಟಿಂಗ್ ಕೊಟ್ಟ ಕೂಡಲೇ ಫೈಲಿನೊಳಗೆ ಬರೆದುಬಿಡುತ್ತವೆ. ಈ ಒಂದು ಶಿಸ್ತು ಉಳಿಸಿಕೊಂಡರೆ ಇವತ್ತಿನ ಗೋಜಲು ಮತ್ತೆ ಹುಟ್ಟುವುದಿಲ್ಲ.

ಕಪಾಟಿನದಕ್ಕೆ ವಾರಕ್ಕೊಮ್ಮೆ, ಅಥವಾ ಏನಾದರೂ ಹೊಸದು ಹಾಕಿದಾಗ, ಮೂಲದಿಂದ ಮಿರರ್ ಮಾಡಿ. ಅಕ್ಕನ ಮನೆಯದಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಆ ವಿಳಂಬ ಬೇಕೆಂದೇ ಇಟ್ಟದ್ದು: ಈ ವಾರ ಮಾಡಿದ ತಪ್ಪು ಇನ್ನೂ ತಲುಪಿರದ ಒಂದು ಜಾಗ ಎಲ್ಲೋ ಇರಬೇಕು. ಮೂರನ್ನೂ ಎಂದಿಗೂ ಒಂದೇ ಹೊತ್ತಿಗೆ ಕಂಪ್ಯೂಟರಿಗೆ ಜೋಡಿಸಬೇಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳು ಜೋಡಿಸಿದ್ದನ್ನೆಲ್ಲ ಮುಟ್ಟುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದರು. ನೀವು ಅದರ ಹೆಚ್ಚಿನ ಭಾಗವನ್ನು ಆಗಲೇ ಪಾಲಿಸುತ್ತಿದ್ದೀರಿ.

ಮಿರರ್ ಮಾಡುವಾಗ ಅಳಿಯುವ ಫೈಲುಗಳು ನೇರ ಮಾಯವಾಗದಂತೆ ‘ವರ್ಷನಿಂಗ್’ ಆಯ್ಕೆ ಹಾಕಿ. ಆಗ ಅಳಿಯಬೇಕಾದ್ದು, ಬದಲಾಗಬೇಕಾದ್ದು ಎಲ್ಲ ದಿನಾಂಕ ಹಾಕಿಕೊಂಡು ಬೇರೊಂದು ಫೋಲ್ಡರಿಗೆ ಹೋಗಿ ಕೂರುತ್ತದೆ. ಆರು ತಿಂಗಳು ಬಿಟ್ಟು ಖಾಲಿ ಮಾಡಿದರಾಯಿತು. ಆರ್‌ಸಿಂಕ್ ಬಳಸುವವರು ಅಳಿಸುವ ಆಯ್ಕೆಯ ಜತೆಗೆ ಬ್ಯಾಕಪ್ ಫೋಲ್ಡರಿನ ಆಯ್ಕೆಯನ್ನೂ ಕೊಟ್ಟರೆ ಇದೇ ಕೆಲಸ ಆಗುತ್ತದೆ.

ಪ್ರತಿ ಸಲ ಬಟನ್ ಒತ್ತುವ ಮುಂಚೆ ಒಂದೇ ಒಂದು ಅಂಕಿ ನೋಡಿ: ಎಷ್ಟು ಫೈಲು ಅಳಿಯಲಿದೆ? ನೀವು ಎರಡು ಆಲ್ಬಮ್ ಸೇರಿಸಿದ್ದಷ್ಟೇ ಆಗಿದ್ದು ಅಲ್ಲಿ 3,000 ಎಂದು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ದಿಕ್ಕು ತಪ್ಪಿದೆ, ಇಲ್ಲವೇ ಡ್ರೈವ್ ಅಕ್ಷರ ಅದಲುಬದಲಾಗಿದೆ. ನಿನ್ನೆ ಇ ಆಗಿದ್ದ ಡ್ರೈವ್ ಇಂದು ಎಫ್ ಆಗುವುದು ವಿಂಡೋಸ್‌ನಲ್ಲಿ ಮಾಮೂಲು. ಅದಕ್ಕೇ ಪ್ರತಿ ಡ್ರೈವ್‌ಗೂ ಬೇರೆ ಬೇರೆ ಹೆಸರು ಕೊಡಿ, ಅದೇ ಹೆಸರನ್ನು ಮೈಮೇಲೆ ಚೀಟಿ ಬರೆದು ಅಂಟಿಸಿ. ಫ್ರೀಫೈಲ್‌ಸಿಂಕ್‌ನಲ್ಲಿ ಡ್ರೈವ್ ಅಕ್ಷರದ ಬದಲು ಡ್ರೈವ್‌ನ ಹೆಸರಿನಿಂದಲೇ ದಾರಿ ಹೇಳಬಹುದು, ಹಾಗೇ ಮಾಡಿ. ಕಾಪಿ ಮುಗಿದ ಮೇಲೆ ಎಜೆಕ್ಟ್ ಮಾಡಿಯೇ ಕೇಬಲ್ ತೆಗೆಯಿರಿ. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ (ಆಗಲಿರುವ ಬದಲಾವಣೆಯನ್ನು ಮೊದಲೇ ಗುರುತಿಟ್ಟುಕೊಳ್ಳುವ ದಾಖಲೆ) ಇಲ್ಲದ್ದರಿಂದ ಅರ್ಧಕ್ಕೆ ಕಿತ್ತರೆ ಪೆಟ್ಟು ಹೆಚ್ಚು. ಇನ್ನು ಮುಂದೆ ವಿಂಡೋಸ್ ಒಂದೇ ಸಾಕೆಂದಾದರೆ ಹೊಸ ಡ್ರೈವ್ ಎನ್‌ಟಿಎಫ್‌ಎಸ್ ಆಗಿರಲಿ.

ವರ್ಷಕ್ಕೆ ಎರಡು ಸಲ, ಗಾತ್ರ ಮತ್ತು ಸಮಯದ ಬದಲು ಒಳಗಿನ ವಿಷಯವನ್ನೇ ಓದಿ ಹೋಲಿಸುವ ಆಯ್ಕೆ ಹಾಕಿ ಪೂರ್ತಿ ತಾಳೆ ನೋಡಿ. ಎರಡೂವರೆ ಮೂರು ಗಂಟೆಯ ಕೆಲಸ, ನೀವು ಪಕ್ಕದಲ್ಲಿ ಕೂರಬೇಕಾಗಿಲ್ಲ. ಮುಟ್ಟದ ಫೈಲು ಬದಲಾಗಿದೆ ಎಂದು ಕಂಡರೆ ಮಿರರ್ ಮಾಡುವುದಕ್ಕೆ ಮೊದಲು ಅದನ್ನು ವಿಚಾರಿಸಿ. ಎಸ್‌ಎಸ್‌ಡಿ (ತಿರುಗುವ ಡಿಸ್ಕ್ ಇಲ್ಲದ, ಚಿಪ್‌ಗಳಲ್ಲಿ ಬರೆಯುವ ಡ್ರೈವ್) ಬಳಸುವುದಾದರೆ ಅದನ್ನು ಮೂಲವಾಗಿ ಇಟ್ಟುಕೊಳ್ಳಿ, ವರ್ಷಗಟ್ಟಲೆ ಕಪಾಟಿನಲ್ಲಿಡಲು ಬೇಡ. ವಿದ್ಯುತ್ ಇಲ್ಲದೆ ಬಹುಕಾಲ ಬಿಟ್ಟರೆ ಅದರ ಕೋಶಗಳಲ್ಲಿನ ಚಾರ್ಜ್ ನಿಧಾನವಾಗಿ ಸೋರುತ್ತದೆ.

ಕ್ಲೌಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಲೆಕ್ಕ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೆ 900 ಜಿಬಿ ಏರಿಸಲು ಎಡೆಬಿಡದೆ ನೂರು ಗಂಟೆ. ಆಗದ ಮಾತೇನಲ್ಲ. ಆದರೆ ಕ್ಲೌಡ್ ಫೋಲ್ಡರ್ ಕೂಡ ಸಿಂಕ್‌ನ ಮೇಲೇ ನಡೆಯುವುದು, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಡ್ರೈವ್‌ಗಳ ಜತೆಗೆ ಇರಲಿ, ಅವುಗಳ ಬದಲಿಗೆ ಬೇಡ.

ಪ್ಲೇಲಿಸ್ಟ್‌ಗಳನ್ನು ಮರೆಯಬೇಡಿ. ಎಷ್ಟು ಸಲ ಕೇಳಿದಿರಿ ಎಂಬ ಎಣಿಕೆ, ಪ್ಲೇಲಿಸ್ಟ್, ಎಷ್ಟೋ ಪ್ಲೇಯರ್‌ಗಳಲ್ಲಿ ರೇಟಿಂಗ್ ಕೂಡ, ಹಾಡಿನ ಫೈಲಿನಲ್ಲಿರದೆ ಪ್ಲೇಯರ್‌ನ ಸ್ವಂತ ದಾಖಲೆಯಲ್ಲಿರುತ್ತವೆ. ಅದು ಕಂಪ್ಯೂಟರಿನ ಒಳಗಿನ ಡಿಸ್ಕ್‌ನಲ್ಲಿ ಎಲ್ಲೋ ಕೂತಿರುತ್ತದೆ, ಸಂಗೀತದ ಡ್ರೈವ್ ಬ್ಯಾಕಪ್ ಮಾಡಿದರೆ ಅದು ಬರುವುದಿಲ್ಲ. ಆ ಫೋಲ್ಡರನ್ನೂ ಸಿಂಕ್‌ಗೆ ಸೇರಿಸಿ. ಪ್ಲೇಲಿಸ್ಟ್‌ಗಳನ್ನು ಎಂ3ಯು8 ರೂಪದಲ್ಲಿ, ಡ್ರೈವ್ ಅಕ್ಷರವಿಲ್ಲದ ಸಾಪೇಕ್ಷ ದಾರಿಯೊಂದಿಗೆ ಉಳಿಸಿ. ಆ ರೂಪದಲ್ಲಿ ಕನ್ನಡದ ಹೆಸರುಗಳೂ ಕೆಡದೆ ಉಳಿಯುತ್ತವೆ.

ಕೊನೆಯದಾಗಿ ಅಕ್ಕನ ಮನೆಯ ಡ್ರೈವ್. ಅದರಲ್ಲಿ ಎಷ್ಟು ಫೈಲಿದೆ ಎಂದು ನೀವು ಬರೆದಿಲ್ಲ, ಎಣಿಸಿಯೇ ಇಲ್ಲ ಎಂದುಕೊಂಡಿದ್ದೇನೆ. ಸದ್ಯಕ್ಕೆ ಅದನ್ನು ತರಿಸಬೇಡಿ. ಮೇಜಿನದು ಮತ್ತು ಕಪಾಟಿನದು ಸೇರಿ ಹೊಸ ಡ್ರೈವ್ ಸಿದ್ಧವಾಗಿ, ಫ್ಲ್ಯಾಕ್ ಪರೀಕ್ಷೆ ಮುಗಿದು, ಸಂದೇಹದ ಫೈಲುಗಳ ಒಂದು ಪಟ್ಟಿ ನಿಮ್ಮ ಕೈಯಲ್ಲಿ ಇರುವಾಗ ಅದನ್ನು ತನ್ನಿ. ಎಂಪಿ3ಗಳ ಮೂರನೆಯ ಹ್ಯಾಶ್ ಆಗ ತೆಗೆದರಾಯಿತು. ಅದಕ್ಕೆ ಏನನ್ನೂ ಬರೆಯದೆ, ಮೊದಲು ಆ ಪಟ್ಟಿಯಲ್ಲಿರುವ ಹಾಡುಗಳನ್ನು ಅದರಲ್ಲಿ ಹುಡುಕಿ.